ಅಷ್ಟು ದೊಡ್ಡ ಸ್ಮಾರಕ ಒಂದೇ ಕಲ್ಲಿನದೇ?

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನಲ್ಲಿರುವ ನೈಟಿಂಗೇಲ್ ದಂಪತಿಯ ಸ್ಮಾರಕದ ಚಿತ್ರ ತೋರಿಸಿದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ಶಿಲ್ಪಿ ರೂಬಿಯಾಕ್, 1761ರ ಕೆಲಸ. ಗೋರಿಯ ಬಾಗಿಲಿನಿಂದ ಅಸ್ಥಿಪಂಜರವಾಗಿ ಹೊರಬಂದ ಸಾವು ಎಲಿಜಬೆತ್‌ಳತ್ತ ಭರ್ಜಿ ಗುರಿಯಿಟ್ಟಿದೆ. ಗಂಡ ಜೋಸೆಫ್ ಕೈ ಅಡ್ಡ ಒಡ್ಡಿದ್ದಾನೆ. ಶ್ರವಣಬೆಳಗೊಳ ನೋಡಿ ಬೆಳೆದವರಿಗೆ ಇಂಥದ್ದೂ ಏಕಶಿಲೆ ಅನಿಸುವುದು ಸಹಜ.

ಏಕಶಿಲೆಯಲ್ಲ. 18ನೇ ಶತಮಾನದ ಇಂಗ್ಲಿಷ್ ಚರ್ಚ್ ಸ್ಮಾರಕಗಳಲ್ಲಿ ಹೆಚ್ಚಿನವು ಹತ್ತಾರು ತುಂಡುಗಳ ಜೋಡಣೆ. ಆಕೃತಿಗಳಿಗೆ ಮಾತ್ರ ಇಟಲಿಯ ಕರಾರಾದ ಶುಭ್ರ ಬಿಳಿ ಅಮೃತಶಿಲೆಯ ದಪ್ಪ ದಿಮ್ಮಿ. ಪೀಠ, ಆಕೃತಿಗಳ ಹಿಂಬದಿಯ ಪಿರಮಿಡ್, ಅಂಚುಪಟ್ಟಿಗಳಿಗೆಲ್ಲ ಗೆರೆಗಳಿರುವ ಅಥವಾ ಬಣ್ಣದ ಶಿಲೆಯ ತೆಳು ಹಲಗೆಗಳು, ಎಷ್ಟೋ ಕಡೆ ಒಂದು ಅಂಗುಲದ ಆಸುಪಾಸು. ಒಳಗಿರುವುದು ಇಟ್ಟಿಗೆ, ಕಲ್ಲುಚೂರು, ಗಾರೆ. ಮುಂದಿನಿಂದ ಕನ್ನಡಿಯಂಥ ಹೊಳಪು. ಹಿಂಬದಿಯಲ್ಲಿ ಉಳಿಯ ಒರಟು ಗುರುತು ಹಾಗೇ ಉಳಿದಿರುತ್ತದೆ. ಕಾಣದ ಕಡೆ ಕೂಲಿ ಸುರಿಯುವ ಚಾಳಿ ಆ ಕಾಲದ ಶಿಲ್ಪಿಗಳ ಕಾರ್ಖಾನೆಗಳಿಗೆ ಇರಲಿಲ್ಲ.

ಇಟ್ಟಿಗೆಗೂ ಹಲಗೆಗೂ, ಹಲಗೆಗೂ ಹಲಗೆಗೂ ನಡುವಿನ ಬಂಧ ಕಬ್ಬಿಣದ ಕೊಂಡಿ. ತುದಿ ಬಾಗಿಸಿದ ಪಟ್ಟಿಯನ್ನು ಕಲ್ಲಿನ ತೂತಿಗಿಳಿಸಿ, ಕರಗಿಸಿದ ಸೀಸವನ್ನೋ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನೋ ತುಂಬುತ್ತಿದ್ದರು. ರೋಗದ ಮೂಲ ಇದೇ. ಗೋಡೆಯ ತೇವ ತಗಲಿದ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಆ ಒತ್ತಡಕ್ಕೆ ಹಲಗೆಯ ಅಂಚು ಸೀಳುತ್ತದೆ, ಚಕ್ಕೆ ಏಳುತ್ತದೆ, ಕಂದು ಕಲೆ ಹೊರಗೆ ಇಳಿಯುತ್ತದೆ. ಪ್ಲಾಸ್ಟರ್ ತೇವ ಹೀರುವುದರಿಂದ ಅದು ಸುತ್ತಿದ ಕೊಂಡಿಗೆ ರಕ್ಷಣೆ ಕಡಿಮೆ. ಕೀಲುಗಳಿಗೆ ಆಮೇಲೆ ಯಾರಾದರೂ ಸಿಮೆಂಟ್ ಮೆತ್ತಿದ್ದರೆ ಇನ್ನೂ ಕೆಟ್ಟಿತು: ತೇವಕ್ಕೆ ಕೀಲಿನ ದಾರಿ ಮುಚ್ಚಿ, ಅದು ಉಪ್ಪಿನ ಸಮೇತ ಅಮೃತಶಿಲೆಯ ಮೂಲಕವೇ ಹೊರಬಂದು ಮೇಲ್ಮೈಯನ್ನು ಸಕ್ಕರೆಯಂತೆ ಉದುರಿಸುತ್ತದೆ.

ಹಾಗಾಗಿ ಕಲೆ ಕಂಡ ತಕ್ಷಣ ತೊಳೆಯಲು ಹೋಗುವುದು ತಪ್ಪು ಕ್ರಮ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಬೇಕು: ಸೂರಿನ ನೀರು ಹರಿಯುವ ದೋಣಿ ಕಟ್ಟಿಕೊಂಡಿದೆಯೇ, ಹೊರಗಿನ ನೆಲ ಒಳಗಿನದಕ್ಕಿಂತ ಎತ್ತರವಿದೆಯೇ. ಆಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ. ಟೊಳ್ಳು ಸದ್ದು ಬಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಎಷ್ಟೋ ಹಲಗೆಗಳ ಹಿಂದೆ ಮೊದಲಿನಿಂದಲೂ ಖಾಲಿ ಜಾಗವಿರುತ್ತದೆ. ಹಲಗೆ ಅಲುಗಾಡಿದರೆ ಮಾತ್ರ ಅಪಾಯ.

ಬಿಚ್ಚಲೇಬೇಕಾದರೆ ಪ್ರತಿ ತುಂಡಿನ ಫೋಟೊ ತೆಗೆದು, ಸಂಖ್ಯೆ ಕೊಟ್ಟು, ಮೇಲಿನಿಂದ ಕೆಳಕ್ಕೆ ಇಳಿಸುತ್ತಾರೆ. ಹಳೆಯ ಕೊಂಡಿಯನ್ನು ಎಳೆದು ಕೀಳುವಂತಿಲ್ಲ, ಕಲ್ಲೂ ಜೊತೆಗೆ ಬರುತ್ತದೆ. ಸುತ್ತ ಸಣ್ಣಗೆ ಕೊರೆದು ಬಿಡಿಸಬೇಕು. ಅದರ ಜಾಗಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಕೀಲಿಗೆ ಸುಣ್ಣದ ಗಾರೆ, ಒದ್ದೆ ಗೋಡೆಯಿಂದ ಒಂದಿಷ್ಟು ಗಾಳಿಯ ಅಂತರ.

ಶುಚಿ ಮಾಡುವುದು ಕೊನೆಗೆ. ಮೃದು ಬ್ರಷ್ಷಿನಿಂದ ಧೂಳು ತೆಗೆದು, ಲವಣರಹಿತ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಒರಸದೆ ಉರುಳಿಸಬೇಕು. ನಿಂಬೆ, ವಿನೆಗರ್, ಬಾತ್‌ರೂಮ್ ಕ್ಲೀನರ್ ಬೇಡವೇ ಬೇಡ: ಆಮ್ಲ ಅಮೃತಶಿಲೆಯನ್ನೇ ತಿನ್ನುತ್ತದೆ. ಚಿನ್ನ ಅಥವಾ ಕಪ್ಪು ಬಣ್ಣ ತುಂಬಿದ ಅಕ್ಷರಗಳ ಹತ್ತಿರ ನೀರೂ ಬೇಡ. ತುಕ್ಕಿನ ಕಲೆ ಪೂರ್ತಿ ಹೋಗುವುದು ಅಪರೂಪ. ಮಸುಕಾದರೆ ಅಲ್ಲಿಗೇ ನಿಲ್ಲಿಸುವುದು ಜಾಣತನ.

ಇಷ್ಟಕ್ಕೂ ಇಂಗ್ಲೆಂಡಿನ ಪ್ಯಾರಿಷ್ (ಸ್ಥಳೀಯ) ಚರ್ಚಿನಲ್ಲಿ ಪಾದ್ರಿಯೊಬ್ಬರೇ ಒಪ್ಪಿದರೆ ಇಂಥ ದುರಸ್ತಿ ಶುರುವಾಗದು. ಚರ್ಚ್ ನ್ಯಾಯಾಲಯದ ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕು. ಸ್ಮಾರಕವಾದರೋ ಕಾನೂನಿನ ಪ್ರಕಾರ ಚರ್ಚಿನದಲ್ಲ, ಸತ್ತವರ ವಾರಸುದಾರರದ್ದು.