ಸ್ನೋಮೊಬೈಲ್ ಕೀ ಕೊಡುವ ಮೊದಲು

ಕೆನಡಾದ ಒಂಟಾರಿಯೊದಲ್ಲಿ, ಮಸ್ಕೋಕಾ ಕಡೆಯ ಒಂದು ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ) ಬಾಡಿಗೆ ಅಂಗಡಿಯಲ್ಲಿ ನಾನು ಗೈಡ್. ಚಳಿಗಾಲದ ವಾರಾಂತ್ಯ ಬಂತೆಂದರೆ ಟೊರಾಂಟೊ, ಬ್ರಾಂಪ್ಟನ್, ಮಿಸಿಸಾಗಾದಿಂದ ಜನ ಗುಂಪು ಗುಂಪಾಗಿ ಬರುತ್ತಾರೆ. ಅವರಲ್ಲಿ ಕನ್ನಡದವರೂ ಈಗೀಗ ಜಾಸ್ತಿ. ಹೆಲ್ಮೆಟ್ ಹಾಕಿಸಿ, ಬಲಗೈ ಹೆಬ್ಬೆರಳಲ್ಲಿ ಥ್ರಾಟಲ್ ಒತ್ತುವುದು, ಎಡಗೈಯಲ್ಲಿ ಬ್ರೇಕ್ ಹಿಡಿಯುವುದು ತೋರಿಸಲು ಹೆಚ್ಚು ಹೊತ್ತು ಬೇಕಿಲ್ಲ. ಉಳಿದ ಸಮಯವನ್ನೆಲ್ಲ ನಾನು ಕುಡಿತದ ಮಾತಿಗೇ ಇಡುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೂ ಹಾಗೇ ಮಾಡಿ ಅಂತ ಹೇಳುತ್ತೇನೆ.

ಬಹಳ ಜನರಿಗೆ ಇದು ಜಾತ್ರೆಯ ಆಟದ ಗಾಡಿಯಂತೆ ಕಾಣುತ್ತದೆ. ರಸ್ತೆ ಇಲ್ಲ, ಸಿಗ್ನಲ್ ಇಲ್ಲ, ಎದುರಿಗೆ ಹೆಪ್ಪುಗಟ್ಟಿದ ಕೆರೆ. ಇಲ್ಲಿ ಯಾವ ಪೊಲೀಸ್, ಯಾವ ಕಾನೂನು ಅಂದುಕೊಳ್ಳುತ್ತಾರೆ. ಆದರೆ ಕೆನಡಾದ ಕ್ರಿಮಿನಲ್ ಕೋಡ್ ನೋಡಿದರೆ, ಮೈಬಲ ಬಿಟ್ಟು ಬೇರೆ ಶಕ್ತಿಯಿಂದ ಓಡುವ ಗಾಡಿ ಯಾವುದಾದರೂ ಮೋಟಾರು ವಾಹನವೇ. ರೈಲಿನ ಲೆಕ್ಕ ಮಾತ್ರ ಬೇರೆ. ಚಕ್ರ ಇರಬೇಕು, ರಸ್ತೆ ಮೇಲೇ ಓಡಬೇಕು ಅನ್ನುವ ಮಾತು ಅಲ್ಲಿಲ್ಲ. ಹಾಗಾಗಿ ಕುಡಿದು ಕಾರು ಓಡಿಸಿದರೆ ಏನು ಶಿಕ್ಷೆಯೋ ಸ್ನೋಮೊಬೈಲಿಗೂ ಅದೇ ಶಿಕ್ಷೆ. ಕೆರೆಯ ಮೇಲಾದರೂ ಅಷ್ಟೇ, ಕಾಡಿನ ಟ್ರೇಲ್ ಆದರೂ ಅಷ್ಟೇ.

ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್. ಅಷ್ಟು ಮುಟ್ಟಿದರೆ, ಮೊದಲ ಸಲವೇ ಕನಿಷ್ಠ 1,000 ಡಾಲರ್ ದಂಡ ಮತ್ತು ಒಂದು ವರ್ಷ ಗಾಡಿ ಓಡಿಸದಂತೆ ನಿಷೇಧ. ಎರಡನೇ ಸಲಕ್ಕೆ ಕನಿಷ್ಠ 30 ದಿನ ಜೈಲು, ಮೂರನೇ ಸಲಕ್ಕೆ 120 ದಿನ. ಪೊಲೀಸರು ಬ್ರೀತ್ ಟೆಸ್ಟ್ ಕೇಳಿದಾಗ ಊದುವುದಿಲ್ಲ ಅಂದರೆ ಅದೇ ಬೇರೆ ಅಪರಾಧ, ಅದಕ್ಕೆ ಕನಿಷ್ಠ 2,000 ಡಾಲರ್.

ನಮ್ಮವರು ಕೆಲವರು ಊರಿನ ಲೆಕ್ಕ ತೆಗೆಯುತ್ತಾರೆ. ಭಾರತದಲ್ಲಿ ಮಿತಿ 30 ಮಿಲಿಗ್ರಾಂ. ಇಲ್ಲಿ 80 ಇದೆಯಲ್ಲ, ಹಾಗಾದರೆ ಎರಡು ಬಿಯರ್ ಪರವಾಗಿಲ್ಲ ಅಂತ. ಈ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂಟಾರಿಯೊದಲ್ಲಿ 50ರಿಂದ 79ರ ಒಳಗಿದ್ದರೂ, 2026ರ ಜನವರಿಯಿಂದ ಮೊದಲ ಸಲಕ್ಕೆ ಏಳು ದಿನ ಲೈಸೆನ್ಸ್ ಸ್ಥಳದಲ್ಲೇ ಅಮಾನತು. ಹೋಗುವುದು ಕಾರಿನ ಲೈಸೆನ್ಸೇ. ಭಾನುವಾರ ಹಿಮದ ಮೇಲೆ ಮಾಡಿದ್ದಕ್ಕೆ ಸೋಮವಾರ ಆಫೀಸಿಗೆ ಹೋಗುವ ಕಾರು ನಿಲ್ಲುತ್ತದೆ. ಇನ್ನು 80 ಮುಟ್ಟದಿದ್ದರೂ, ಕುಡಿದಿದ್ದರಿಂದ ಓಡಿಸುವ ಹಿಡಿತ ತಪ್ಪಿದೆ ಅಂತ ಸಾಬೀತಾದರೆ ಅದೂ ಕ್ರಿಮಿನಲ್ ಅಪರಾಧವೇ.

ಹೀಗಿದ್ದರೂ ದಂಡದ ಮಾತು ಜನರ ಮನಸ್ಸಿಗೆ ನಾಟುವುದಿಲ್ಲ, ಇದನ್ನು ನಾನು ಕೆಲಸ ಮಾಡುತ್ತಲೇ ತಿಳಿದುಕೊಂಡೆ. ಒಂದು ಗುಂಪಿನಲ್ಲಿ ಸಾವಿರ ಡಾಲರ್ ಹಂಚಿಕೊಂಡರೆ ಎಷ್ಟಾದೀತು ಅಂತ ಯೋಚಿಸುವವರೂ ಇರುತ್ತಾರೆ. ನಾಟುವ ಮಾತು ಬೇರೆ ಇದೆ.

ಹೋದ ಸೀಸನ್ನಿನಲ್ಲಿ ಫೆಬ್ರವರಿಯ ಫ್ಯಾಮಿಲಿ ಡೇ ರಜೆಗೆ ಬೆಂಗಳೂರು, ಹಾಸನ ಕಡೆಯ ಹುಡುಗರ ಗುಂಪು ಬಂದಿತ್ತು. ನಾನು ಕನ್ನಡದವನು ಅಂತ ಗೊತ್ತಾಗಿ ಅವರಿಗೆಲ್ಲ ಬಹಳ ಖುಷಿ. ಮಧ್ಯಾಹ್ನ ಟ್ರೇಲ್ ಪಕ್ಕದ ಹೋಟೆಲಿನಲ್ಲಿ ಊಟಕ್ಕೆ ನಿಲ್ಲಿಸಿದ್ದೆವು. ನಾನು ಗಾಡಿಗಳಿಗೆ ಪೆಟ್ರೋಲ್ ಹಾಕಿಸಿ ಒಳಗೆ ಬರುವಷ್ಟರಲ್ಲಿ ಒಬ್ಬನ ಮುಂದೆ ಬಿಯರ್ ಗ್ಲಾಸು ಖಾಲಿಯಾಗಿತ್ತು, ಇನ್ನೊಂದು ಬಂದಿತ್ತು. ಕೀ ಕೇಳಿದೆ.

"ನಮ್ಮವರೇ ಅಲ್ವಾ ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಚಳಿಗೆ ಅಂತ ಕುಡಿದೆ."

"ನಮ್ಮವರು ಅಂತಲೇ ಕೇಳ್ತಿದೀನಿ. ಇಲ್ಲಿ ಕಾಯಂ ನೆಲೆಸೋ ಪಿ.ಆರ್. ಆಗಿದೆಯಾ?"

"ಹೋದ ವರ್ಷ ಆಯ್ತು ಸರ್."

ಅವನ ಪಕ್ಕ ಕುಳಿತು ನಿಧಾನವಾಗಿ ಹೇಳಿದೆ. 2018ರ ಡಿಸೆಂಬರ್ 18ರಿಂದ ಇಲ್ಲಿ ಕುಡಿದು ಓಡಿಸುವ ಅಪರಾಧದ ಗರಿಷ್ಠ ಶಿಕ್ಷೆ ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿದೆ. ಹತ್ತು ವರ್ಷದ ಶಿಕ್ಷೆ ಇರುವ ಅಪರಾಧವನ್ನು ವಲಸೆ ಕಾನೂನು ಗಂಭೀರ ಅಪರಾಧ ಅಂತ ನೋಡುತ್ತದೆ. ಕೋರ್ಟು ಬರೀ ದಂಡ ಹಾಕಿ ಕಳಿಸಿದರೂ, ಅಪರಾಧಿ ಅಂತ ತೀರ್ಪಾದರೆ ಪಿ.ಆರ್. ಇರುವವರನ್ನೂ ದೇಶದಿಂದ ಹೊರಗೆ ಕಳಿಸುವ ಪ್ರಕ್ರಿಯೆ ಶುರುವಾಗಬಹುದು. ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್ ಮೇಲೆ ಇರುವವರ ಸ್ಥಿತಿ ಇನ್ನೂ ಸೂಕ್ಷ್ಮ.

ಅವನೇ ಕೀ ತೆಗೆದು ಮೇಜಿನ ಮೇಲಿಟ್ಟ. ಟೇಬಲ್ಲಿನಲ್ಲಿ ಉಳಿದವರೂ ಗ್ಲಾಸು ಪಕ್ಕಕ್ಕೆ ಸರಿಸಿದರು. ಎಷ್ಟು ವರ್ಷ ಕಾದು, ಎಷ್ಟು ಸಾಲ ಮಾಡಿ ಇಲ್ಲಿಗೆ ಬಂದಿರುತ್ತಾರೆ ಈ ಮಕ್ಕಳು! ಅವರಿಗೆ ಈ ವಿಷಯ ಯಾರೂ ಮೊದಲೇ ಹೇಳಿರಲಿಲ್ಲ ಅನ್ನುವುದೇ ನನಗೆ ತುಂಬ ಬೇಜಾರಾಯಿತು. ಈಗ ಈ ಮಾತನ್ನು ಬೆಳಿಗ್ಗೆಯೇ, ಎಲ್ಲರ ಎದುರಿಗೆ, ಕೀ ಕೈಗೆ ಕೊಡುವ ಮೊದಲು ಹೇಳುತ್ತೇನೆ.

ಇನ್ನೊಂದು ವಿಷಯ ಗೈಡ್‌ಗಳಿಗೆ. ಕೀ ಕಿತ್ತುಕೊಂಡ ಮೇಲೆ ಮುಂದೇನು ಅನ್ನುವುದು ಮೊದಲೇ ಗೊತ್ತಿರಬೇಕು. ಕಾಡಿನ ನಡುವೆ ಒಬ್ಬನನ್ನು ಬಿಟ್ಟು ಹೋಗಲಾಗುವುದಿಲ್ಲ. ದಾರಿ ಕಾಣದಿದ್ದರೆ ಎಂಥ ಗಟ್ಟಿ ಗೈಡ್ ಕೂಡ "ಸರಿ, ನಿಧಾನಕ್ಕೆ ಬನ್ನಿ" ಅಂದುಬಿಡುತ್ತಾನೆ. ನಮ್ಮಲ್ಲಿ ಅಂಗಡಿಯ ಟ್ರಕ್ ಬಂದು ಆ ಗಿರಾಕಿಯನ್ನು ಕರೆದುಕೊಂಡು ಹೋಗುತ್ತದೆ, ಅದರಲ್ಲೇ ಬಂದ ಇನ್ನೊಬ್ಬ ಗೈಡ್ ಗಾಡಿಯನ್ನು ವಾಪಸ್ ತರುತ್ತಾನೆ. ಕುಡಿದವರನ್ನು ಹಿಂದೆ ಕೂರಿಸಿಕೊಂಡೂ ಹೋಗುವುದಿಲ್ಲ. ತಿರುವಿನಲ್ಲಿ ಅವರು ಮೈ ವಾಲಿಸುವುದು ತಪ್ಪಿದರೆ ಇಬ್ಬರೂ ಬೀಳುತ್ತಾರೆ.

ಆ ಹುಡುಗ ಹೇಳಿದ ಚಳಿಯ ಮಾತನ್ನೂ ಇಲ್ಲಿ ಬಿಡಿಸಿ ಹೇಳಬೇಕು, ಎಲ್ಲರೂ ಹೇಳುವುದು ಅದನ್ನೇ. ಕುಡಿದಾಗ ಚರ್ಮದ ಹತ್ತಿರದ ರಕ್ತನಾಳಗಳು ಹಿಗ್ಗುತ್ತವೆ. ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ. ನಿಜಕ್ಕೂ ಒಳಗಿನ ಶಾಖ ಇನ್ನೂ ಬೇಗ ಹೊರಗೆ ಹೋಗುತ್ತಿರುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಗಾಳಿಗೆ ಎದುರಾಗಿ ಓಡುವಾಗ ಇದು ಆಟವಲ್ಲ. ಜೊತೆಗೆ ಕೆರೆಯ ಹಿಮಗಡ್ಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ನೀರು ಹರಿಯುವ ಕಡೆ ತೆಳುವಾಗಿರುತ್ತದೆ. ಗುರುತು ಕಂಬ ನೋಡಿ ಆ ಕ್ಷಣವೇ ತಿರುಗಿಸಲು ಕಣ್ಣು, ಕೈ ಎರಡೂ ಚುರುಕಾಗಿರಬೇಕು.

ಬಾಟಲಿ ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದಾ ಅಂತಲೂ ಕೇಳುತ್ತಾರೆ. ಸೀಲ್ ಒಡೆಯದೆ ಇರಬೇಕು, ಇಲ್ಲವೇ ಕೈಗೆ ಸುಲಭವಾಗಿ ಸಿಗದಂತೆ ಮುಚ್ಚಿ ಇಟ್ಟಿರಬೇಕು, ಇದು ಕಾನೂನು. ನಮ್ಮ ಅಂಗಡಿಯಲ್ಲಿ ಅದಕ್ಕೂ ಅವಕಾಶವಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಎರಡು ಗಂಟೆಯೊಳಗೆ ರಕ್ತದಲ್ಲಿ 80 ಸಿಕ್ಕರೂ ಅಪರಾಧವಾಗಬಹುದು. ಕುಡಿದು ಓಡಿಸುವವರ ಸೀಟಿನಲ್ಲಿ ಕುಳಿತಿದ್ದರೆ, ಓಡಿಸುವ ಉದ್ದೇಶ ಇರಲಿಲ್ಲ ಅಂತ ತೋರಿಸಬೇಕಾದವರು ಕುಳಿತವರೇ. ಫೋಟೋಗೆ ಅಂತ ಹತ್ತಿ ಕೂರುವವರು ಇದನ್ನು ನೆನಪಿಡಿ.

ಈಗ ಬುಕಿಂಗ್ ಮಾಡುವಾಗಲೇ ಫೋನಿನಲ್ಲಿ ಕೇಳುತ್ತೇನೆ, ಮಧ್ಯಾಹ್ನ ಏನು ಊಟ, ಸಂಜೆ ಎಲ್ಲಿ ಉಳಿಯುತ್ತೀರಿ ಅಂತ. ಕಾಟೇಜಿನಲ್ಲಿ ಉಳಿಯುವವರು ಕೀ ವಾಪಸ್ ಕೊಟ್ಟು, ನಡೆದೇ ಹೋಗಿ ಪಾರ್ಟಿ ಮಾಡಲಿ. ಅದೇ ರಾತ್ರಿ ಬ್ರಾಂಪ್ಟನ್ನಿಗೆ ಕಾರು ಓಡಿಸಿಕೊಂಡು ಹೋಗುವವರು ಯಾರು ಅಂತ ಮಾತ್ರ ಕೇಳಿ, ಅವರ ಹೆಸರನ್ನು ಫಾರಂ ಮೇಲೆ ಬರೆದುಕೊಳ್ಳುತ್ತೇನೆ.