ಮುಂಬೈಯಲ್ಲಿ ಎರಡು ದಿನ, ನೀರಿನ ಜಾಡು ಹಿಡಿದು

ಮುಂಬೈಗೆ ನಾನು ಈ ಹಿಂದೆ ಮೂರು ಸಲ ಹೋಗಿದ್ದೆ. ಮೂರು ಸಲವೂ ಕೆಲಸದ ಮೇಲೆ ಹೋದವನು, ಟ್ಯಾಕ್ಸಿಯ ಕಿಟಕಿಯಾಚೆ ಕಂಡಷ್ಟನ್ನೇ ಊರೆಂದುಕೊಂಡು ಹಿಂದಿರುಗಿದ್ದೆ. ಕಳೆದ ಡಿಸೆಂಬರಿನಲ್ಲಿ ಶನಿವಾರ, ಭಾನುವಾರ ಎರಡು ದಿನ ಬಿಡುವು ಸಿಕ್ಕಾಗ, ಬೋರಿವಲಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿರುವ ಅಕ್ಕನ ಮಗನಿಗೆ ಫೋನ್ ಮಾಡಿ, ಈ ಸಲ ಟ್ಯಾಕ್ಸಿ ಹತ್ತುವುದೇ ಬೇಡ, ಲೋಕಲ್ ರೈಲು ಮುಟ್ಟಿಸುವಷ್ಟು ದೂರ ರೈಲಿನಲ್ಲಿ ಹೋಗಿ ಉಳಿದದ್ದನ್ನೆಲ್ಲ ಸೈಕಲ್ಲಿನಲ್ಲೋ ಕಾಲ್ನಡಿಗೆಯಲ್ಲೋ ನೋಡೋಣ ಎಂದೆ. ಅವನು ಸಂತೋಷದಿಂದ ಒಪ್ಪಿದನಾದರೂ ಎಲಿಫೆಂಟಾ ದ್ವೀಪವನ್ನು ಮಾತ್ರ ಬಿಟ್ಟುಬಿಡಬೇಕೆಂದು ಹೇಳಿದ. ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚಿನಲ್ಲಿ ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಇನ್ನೊಂದು ಗಂಟೆ. ಎರಡೇ ದಿನದ ಬಿಡುವಿನಲ್ಲಿ ಅಷ್ಟು ಹೊತ್ತು ಕೂತು ಕಳೆಯುವುದಕ್ಕಿಂತ ಬೋರಿವಲಿಯ ಕಾಡಿನೊಳಗೆ ಹಳೆಯ ಬೌದ್ಧ ಗುಹೆಗಳಿರುವ ಕಾನ್ಹೇರಿಯ ಗುಡ್ಡ ಹತ್ತುವುದು ಮೇಲು ಎಂಬುದು ಅವನ ವಾದ. ಅವನ ಮಾತು ಎಷ್ಟು ಸರಿಯೆಂಬುದು ಗುಡ್ಡ ಹತ್ತಿದ ಮೇಲೆ ನನಗೆ ಮನವರಿಕೆಯಾಯಿತು.

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಮುಖ್ಯ ದ್ವಾರ ಬೋರಿವಲಿ ಪೂರ್ವದಲ್ಲಿ, ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ನೂರು ಚದರ ಕಿಲೋಮೀಟರಿಗೂ ಮೀರಿದ ಈ ಕಾಡಿನಲ್ಲಿ ಚಿರತೆಗಳು ಬದುಕುತ್ತಿವೆ. ಕಾಡಿನ ಅಂಚಿಗೆ ಹತ್ತಿಕೊಂಡೇ ಇಪ್ಪತ್ತು, ಮೂವತ್ತು ಅಂತಸ್ತಿನ ಕಟ್ಟಡಗಳು ನಿಂತಿವೆ. ಒಂದು ಮಹಾನಗರ ತನ್ನ ಹೊಟ್ಟೆಯೊಳಗೆ ಇಷ್ಟು ದೊಡ್ಡ ಕಾಡನ್ನು ಇಂದಿಗೂ ಉಳಿಸಿಕೊಂಡಿರುವುದು ಸಣ್ಣ ಸಂಗತಿಯಲ್ಲ. ಸೋಮವಾರ ಇದಕ್ಕೆ ರಜೆ, ಆದ್ದರಿಂದ ವಾರಾಂತ್ಯಕ್ಕೆ ಇನ್ನೊಂದು ದಿನ ಸೇರಿಸಿಕೊಂಡು ಬರುವವರು ಕಾನ್ಹೇರಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ದ್ವಾರದ ಒಳಗೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಅಲ್ಲಿಂದ ಗುಹೆಗಳಿಗೆ ಸುಮಾರು ಆರು ಕಿಲೋಮೀಟರ್ ದಾರಿ. ಮೊದಮೊದಲು ಮರಗಳ ನೆರಳಿನಲ್ಲಿ ಸಲೀಸಾಗಿ ಸಾಗುವ ರಸ್ತೆ ಆಮೇಲೆ ಏರತೊಡಗಿ, ಕೊನೆಯ ಭಾಗದಲ್ಲಿ ತೊಡೆಯ ಸ್ನಾಯುಗಳನ್ನು ಪರೀಕ್ಷೆಗೊಡ್ಡುತ್ತದೆ. ನಾನು ಎರಡು ಕಡೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋದೆ.

ಗುಹೆಗಳ ಬುಡ ತಲುಪುವ ಹೊತ್ತಿಗೆ ನನ್ನ ಅರ್ಧ ಲೀಟರಿನ ಬಾಟಲಿ ಬರಿದಾಗಿತ್ತು. ಡಿಸೆಂಬರ್ ಎಂದು ಉದಾಸೀನ ಮಾಡಿದ್ದು ತಪ್ಪಾಯಿತು. ಅಳಿಯ ತನ್ನ ಬಾಟಲಿಯಲ್ಲಿ ಪಾಲು ಕೊಟ್ಟನಾದರೂ ಅದೂ ಬೇಗನೆ ಮುಗಿಯಿತು. ಬಾಯಾರಿದವನ ಕಣ್ಣು ನೀರನ್ನೇ ಹುಡುಕುತ್ತದೆ. ಆದ್ದರಿಂದಲೇ ಕಾನ್ಹೇರಿಯಲ್ಲಿ ನನ್ನ ಗಮನ ಮೊದಲು ಹೋದದ್ದು ಬುದ್ಧನ ವಿಗ್ರಹಗಳ ಕಡೆಗಲ್ಲ, ಬಹುತೇಕ ಪ್ರತಿಯೊಂದು ಗುಹೆಯ ಬಾಗಿಲ ಪಕ್ಕದಲ್ಲೂ ಕಲ್ಲಿನೊಳಗೆ ಕೊರೆದ ನೀರಿನ ತೊಟ್ಟಿಗಳ ಕಡೆಗೆ.

ಕ್ರಿಸ್ತಪೂರ್ವ 1ನೆಯ ಶತಮಾನದಿಂದ ಮೊದಲುಗೊಂಡು ಸುಮಾರು ಸಾವಿರ ವರ್ಷಗಳ ಕಾಲ ಬೌದ್ಧ ಭಿಕ್ಷುಗಳು ಇಲ್ಲಿ ನೆಲೆಸಿದ್ದರು. ಕೃಷ್ಣಗಿರಿ, ಅಂದರೆ ಕರಿಯ ಬೆಟ್ಟ ಎಂಬ ಹೆಸರೇ ಕಾನ್ಹೇರಿಯಾಯಿತು. ನೂರಕ್ಕೂ ಹೆಚ್ಚು ಗುಹೆಗಳು ಈ ಕರಿಕಲ್ಲಿನ ಗುಡ್ಡದ ಮೈಮೇಲೆ ಸಾಲುಸಾಲಾಗಿ, ಒಂದರ ಮೇಲೊಂದು ಅಂತಸ್ತಿನಂತೆ ಹರಡಿಕೊಂಡಿವೆ. ಕೊಂಕಣದ ಮಳೆಯೆಲ್ಲ ಸುಮಾರು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಬಿರುಕಿಲ್ಲದ ಕಡೆ ಈ ಕಲ್ಲು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ಬಿದ್ದದ್ದೆಲ್ಲ ಹರಿದು ಹೋಗುತ್ತದೆ. ನೂರಾರು ಮಂದಿ ಉಳಿದ ಎಂಟು ತಿಂಗಳು ಗುಡ್ಡದ ಮೇಲೆ ಬದುಕಬೇಕಾದರೆ ಆ ನೀರನ್ನು ತಡೆದು ಹಿಡಿಯಲೇಬೇಕಿತ್ತು. ಅದಕ್ಕಾಗಿ ಅವರು ಮಾಡಿದ್ದನ್ನು ನಾನು ಬಗ್ಗಿ, ಕೈಯಿಟ್ಟು ನೋಡಿದೆ. ಗುಹೆಯ ಮೇಲಿನ ಇಳಿಜಾರು ಬಂಡೆಯಲ್ಲಿ ಅಂಗೈ ಅಗಲದ ಕಾಲುವೆಯೊಂದನ್ನು ಉಳಿಯಿಂದ ಕೊರೆದಿದ್ದಾರೆ. ಅದು ಬಾಗಿಲ ಮೇಲೆ ನೀರು ಬೀಳದಂತೆ ಪಕ್ಕಕ್ಕೆ ಬಾಗಿ, ಅಂಗಳದ ಅಂಚಿನಲ್ಲಿ ಇಳಿದು, ತೊಟ್ಟಿಯ ಚೌಕಾಕಾರದ ಬಾಯಿಗೆ ಬಂದು ಸೇರುತ್ತದೆ. ಕಾಲುವೆಯ ತಳದಲ್ಲಿ ಉಳಿಯ ಗೀರುಗಳು ಇನ್ನೂ ಬೆರಳಿಗೆ ತಾಗುತ್ತವೆ. ತೊಟ್ಟಿಯ ಬಾಯಿ ಕಿರಿದು, ಒಳಗಿನ ಹೊಟ್ಟೆ ದೊಡ್ಡದು. ಬಿಸಿಲಿಗೆ ನೀರು ಆರಿಹೋಗದಿರಲೆಂಬ ಉಪಾಯ ಅದು. ಮಳೆ ನಿಂತು ಎರಡು ತಿಂಗಳಾಗಿದ್ದರೂ ನಾನು ಇಣುಕಿ ನೋಡಿದ ತೊಟ್ಟಿಯಲ್ಲಿ ನೀರು ಕಪ್ಪಗೆ, ಅಲುಗಾಡದೆ ನಿಂತಿತ್ತು.

ಇಲ್ಲಿನ ಬ್ರಾಹ್ಮೀ ಶಾಸನಗಳಲ್ಲಿ ಈ ತೊಟ್ಟಿಗಳನ್ನು ‘ಪೋಢಿ’ ಎಂದು ಕರೆದಿದೆ. ಕಲ್ಯಾಣ, ಸೋಪಾರದಂತಹ ಪಟ್ಟಣಗಳ ವರ್ತಕರು, ಗೃಹಸ್ಥರು, ಭಿಕ್ಷುಣಿಯರು ಕೂಡ ಗುಹೆಯೊಂದಿಗೆ ಪೋಢಿಯನ್ನೂ ದಾನ ಕೊಟ್ಟುದನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ನೀರಿನ ತೊಟ್ಟಿಯನ್ನು ವಿಹಾರದಷ್ಟೇ ದೊಡ್ಡ ದಾನವೆಂದು ಬಗೆದ ಆ ಜನರ ಬಗ್ಗೆ ನನಗೆ ಗೌರವ ಮೂಡಿತು.

ಮೂರನೆಯ ಗುಹೆ ದೊಡ್ಡ ಚೈತ್ಯಾಲಯ, ಅಂದರೆ ಸ್ತೂಪವಿರುವ ಪ್ರಾರ್ಥನಾ ಮಂದಿರ. ಸಾತವಾಹನ ದೊರೆ ಯಜ್ಞಶ್ರೀ ಸಾತಕರ್ಣಿಯ ಕಾಲದ ಶಾಸನ ಇಲ್ಲಿದೆ. ಪಡಸಾಲೆಯ ಎರಡು ತುದಿಗಳಲ್ಲಿ ಎತ್ತರದ ಬುದ್ಧರು ನಿಂತಿದ್ದಾರೆ. ಒಳಗೆ ಕಂಬಗಳ ಸಾಲಿನ ಕೊನೆಗೆ ಯಾವ ಅಲಂಕಾರವೂ ಇಲ್ಲದ ಸ್ತೂಪ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಬೆವರು ಆರುವಷ್ಟು ತಂಪು. ಅಲ್ಲಿಂದ ಸ್ವಲ್ಪ ಮೇಲಕ್ಕಿರುವ ಹನ್ನೊಂದನೆಯ ಗುಹೆ ಸಭಾಂಗಣದಂತಿದ್ದು, ನೆಲದ ಉದ್ದಕ್ಕೂ ಕಲ್ಲಿನ ತಗ್ಗು ಜಗುಲಿಗಳಿವೆ. ಆ ಜಗುಲಿಯ ಮೇಲೆ ಕೂತಾಗ ನಾನು ಅಳಿಯನಿಗೆ, ಕಾನ್ಹೇರಿಯಲ್ಲಿ 9ನೆಯ ಶತಮಾನದ ಶಾಸನಗಳೂ ಇವೆ, ಅವು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ ಅವನ ಸಾಮಂತರಾದ ಕೊಂಕಣದ ಶಿಲಾಹಾರರ ಕಾಲದವು ಎಂದೆ.

“ಅಮೋಘವರ್ಷ ಅಂದರೆ ನಮ್ಮ ಶಾಲೆಯ ಪಾಠದಲ್ಲಿದ್ದ ನೃಪತುಂಗನೇ ಅಲ್ಲವೇ, ಮಾವ?” ಎಂದು ಅವನು ಎದ್ದು ನಿಂತ.

ಮಾನ್ಯಖೇಟದಿಂದ ಆಳಿದ ಆ ದೊರೆಯ ಹೆಸರು ಮುಂಬೈಯ ಗುಡ್ಡವೊಂದರ ಮೇಲೆ, ಬೌದ್ಧ ಸಂಘಕ್ಕೆ ಕೊಟ್ಟ ದಾನದ ಜೊತೆಯಲ್ಲಿ ಉಳಿದುಕೊಂಡಿದೆ. ಐದು ವರ್ಷದಿಂದ ಬೋರಿವಲಿಯಲ್ಲೇ ಇದ್ದೂ ಈ ಸಂಗತಿ ತಿಳಿಯದೇ ಹೋಯಿತೆಂದು ಅವನು ಬಹಳ ಹೊತ್ತು ಅದನ್ನೇ ಹೇಳುತ್ತಿದ್ದ.

ಗುಡ್ಡದ ನೆತ್ತಿಗೆ ಹೋಗಲು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಸವೆದು ನುಣುಪಾಗಿರುವುದರಿಂದ ಹಿಡಿತವಿರುವ ಬೂಟು ಅಗತ್ಯ. ಮೇಲೆ ನಿಂತರೆ ಕಾಡಿನ ನಡುವೆ ವಿಹಾರ್ ಕೆರೆ ಮಿನುಗುತ್ತದೆ. ಬಾವಿ, ಕೊಳಗಳನ್ನೇ ನಂಬಿಕೊಂಡಿದ್ದ ಮುಂಬೈಗೆ ಕೊಳವೆಯಲ್ಲಿ ನೀರು ಹರಿದು ಬಂದದ್ದು 1860ರಲ್ಲಿ, ಈ ಕೆರೆ ಕಟ್ಟಿದ ಮೇಲೆ. ಪಕ್ಕದ ತುಳಸಿ ಕೆರೆ 1879ರದು. ಇಂದು ನಗರದ ನೀರಿನ ಬಹುಪಾಲು ತಾನ್ಸಾ, ವೈತರಣಾ, ಭಾತ್ಸಾದಂತಹ ದೂರದ ಜಲಾಶಯಗಳಿಂದ ಬರುತ್ತದೆ, ಈ ಎರಡು ಕೆರೆಗಳ ಪಾಲು ತೀರಾ ಚಿಕ್ಕದು. ಆದರೂ ಎರಡು ಸಾವಿರ ವರ್ಷಗಳ ಹಿಂದೆ ಭಿಕ್ಷುಗಳು ಕಂಡುಕೊಂಡ ಗುಡ್ಡಸಾಲಿಗೇ ಹತ್ತೊಂಬತ್ತನೆಯ ಶತಮಾನದ ಇಂಜಿನಿಯರರೂ ನೀರಿಗಾಗಿ ಬಂದರೆಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಭಾನುವಾರದ ದಾರಿಯನ್ನು ಅಲ್ಲಿಯೇ ಬದಲಾಯಿಸಿದೆವು. ಪ್ರಸಿದ್ಧ ಕಟ್ಟಡಗಳ ಪಟ್ಟಿಯನ್ನು ಬದಿಗಿಟ್ಟು, ದಕ್ಷಿಣ ಮುಂಬೈಯಲ್ಲಿ ಹಳೆಯ ನೀರು ಎಲ್ಲೆಲ್ಲಿದೆಯೋ ಅಲ್ಲಲ್ಲಿಗೆ ನಡೆದು ಹೋಗುವುದೆಂದು ನಿಶ್ಚಯಿಸಿದೆವು.

ಭಾನುವಾರ ಬೆಳಕು ಹರಿಯುವ ಮೊದಲೇ ಬೋರಿವಲಿಯಿಂದ ಚರ್ಚ್‌ಗೇಟಿನ ಲೋಕಲ್ ಹಿಡಿದೆವು. ಭಾನುವಾರ ಹಗಲಿನಲ್ಲಿ ಹಳಿಗಳ ದುರಸ್ತಿಗಾಗಿ ‘ಜಂಬೊ ಬ್ಲಾಕ್’, ಅಂದರೆ ರೈಲು ಸಂಚಾರಕ್ಕೆ ತಡೆ, ಇರುವುದುಂಟು. ಎಷ್ಟು ಬೇಗ ಹೊರಟರೆ ಅಷ್ಟು ಒಳ್ಳೆಯದು. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಸುಮಾರು ಒಂದು ಗಂಟೆಯ ದಾರಿ.

ಚರ್ಚ್‌ಗೇಟ್ ನಿಲ್ದಾಣದಿಂದ ಪೂರ್ವಕ್ಕೆ ನಡೆದರೆ ಕ್ರಾಸ್ ಮೈದಾನದ ಮೂಲೆಯಲ್ಲಿ ಭೀಖಾ ಬೆಹ್ರಾಮ್ ಬಾವಿ ಇದೆ. ಪಾರ್ಸಿ ಗೃಹಸ್ಥರೊಬ್ಬರು 1725ರಲ್ಲಿ ತೋಡಿಸಿದ್ದು. ಸಮುದ್ರ ಇಷ್ಟು ಹತ್ತಿರವಿದ್ದರೂ ಇದರ ನೀರು ಸಿಹಿ. ಒಳಗೆ ಪಾರ್ಸಿಗಳಿಗೆ ಮಾತ್ರ ಪ್ರವೇಶವಾದ್ದರಿಂದ ನಾವು ಬೇಲಿಯ ಹೊರಗೆ ನಿಂತು, ಬಾವಿಯ ಮೇಲಿನ ಮಂಟಪವನ್ನೂ ಅದರ ಬಣ್ಣದ ಗಾಜುಗಳನ್ನೂ ನೋಡಿದೆವು. ಬಿಳಿಯ ಅಂಗಿ, ಕಪ್ಪು ಟೋಪಿಯ ಹಿರಿಯರೊಬ್ಬರು ಬಾವಿಯ ಮುಂದೆ ತುಟಿಯಲುಗಿಸುತ್ತ ನಿಂತಿದ್ದರು. ಮುನ್ನೂರು ವರ್ಷಗಳಿಂದ ಒಂದು ಬಾವಿಯ ಮುಂದೆ ಜನ ಕೈ ಮುಗಿಯುತ್ತ ಬಂದಿದ್ದಾರೆ. ಅಲ್ಲಿಂದ ಮುಂದಿನ ವೃತ್ತದಲ್ಲಿ 1864ರ ಫ್ಲೋರಾ ಕಾರಂಜಿ. ಕೋಟೆಯ ಚರ್ಚ್ ಗೇಟ್ ಎಂಬ ಬಾಗಿಲಿದ್ದ ಜಾಗ ಅದು; 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದರೂ ಬಾಗಿಲಿನ ಹೆಸರು ರೈಲು ನಿಲ್ದಾಣಕ್ಕೆ ಅಂಟಿಕೊಂಡು ಉಳಿಯಿತು.

ಹಿಂದಕ್ಕೆ ತಿರುಗಿ ಓವಲ್ ಮೈದಾನವನ್ನು ದಾಟಿದೆವು. ಒಂದು ಕಡೆ ಹೈಕೋರ್ಟು ಮತ್ತು ರಾಜಾಬಾಯಿ ಗಡಿಯಾರ ಗೋಪುರ, ಇನ್ನೊಂದು ಕಡೆ 1930ರ ದಶಕದ ಆರ್ಟ್ ಡೆಕೊ ಶೈಲಿಯ ಮನೆಗಳು. ಎದುರುಬದುರಾಗಿ ನಿಂತ ಈ ಎರಡು ಸಾಲುಗಳಿಗೆ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು. ಮೈದಾನದಲ್ಲಿ ಆಗಲೇ ಹತ್ತಾರು ಕ್ರಿಕೆಟ್ ಆಟಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುತ್ತಿದ್ದವು.

ಮರೀನ್ ಡ್ರೈವ್ ತಲುಪಿದಾಗ ಬಿಸಿಲು ಇನ್ನೂ ಎಳೆಯದು. ಮೂರೂವರೆ ಕಿಲೋಮೀಟರಿನಷ್ಟು ಉದ್ದದ ಈ ಬಾಗಿದ ದಂಡೆ ಸಮುದ್ರವನ್ನು ಹಿಂದಕ್ಕೆ ತಳ್ಳಿ ಪಡೆದ ನೆಲ. ಓಡುವವರು, ಸೈಕಲ್ಲಿನವರು, ಕೈಕೈ ಹಿಡಿದು ನಿಧಾನವಾಗಿ ನಡೆಯುವ ವೃದ್ಧ ದಂಪತಿಗಳು ಎಲ್ಲರಿಗೂ ಇಲ್ಲಿ ಜಾಗವಿದೆ. ಅಳಿಯ ಓಡೋಣವೆಂದ, ಅರ್ಧ ದಾರಿ ಓಡಿದೆವು. ನಿಂತು ಉಸಿರು ಹಿಡಿಯುವಾಗ ಎದುರಿನ ಕಟ್ಟಡಗಳನ್ನು ದಿಟ್ಟಿಸಿದೆ. ಕಿಟಕಿಗಳ ಮೇಲೆ ಹುಬ್ಬಿನ ಹಾಗೆ ಮುಂಚಾಚಿದ ಸಣ್ಣ ಸಜ್ಜಗಳು, ದುಂಡಾದ ಮೂಲೆಗಳು. ನೋಡಲು ಚಂದವೆಂದು ಮಾಡಿದ ಹಾಗೆ ಕಾಣುವ ಆ ಸಜ್ಜಗಳು ನಿಜವಾಗಿ ಬಿಸಿಲನ್ನೂ ಸಮುದ್ರದ ಕಡೆಯಿಂದ ಬೀಸಿ ಬರುವ ಮಳೆಯನ್ನೂ ತಡೆಯುತ್ತವೆ. ಕಾನ್ಹೇರಿಯ ಬಾಗಿಲ ಮೇಲಿನ ಕಾಲುವೆಯೂ ಅದನ್ನೇ ಮಾಡುತ್ತಿತ್ತು.

ಚೌಪಾಟಿ ಕಡಲತೀರದಿಂದ ಮಲಬಾರ್ ಹಿಲ್ ಏರಿದೆವು. ಮೇಲಿರುವ ಫಿರೋಜ್‌ಶಾ ಮೆಹ್ತಾ ಉದ್ಯಾನಕ್ಕೆ ಜನ ಹ್ಯಾಂಗಿಂಗ್ ಗಾರ್ಡನ್ ಎನ್ನುತ್ತಾರೆ. ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಪೊದೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಬಹಳ ಮಂದಿಗೆ ತಮ್ಮ ಕಾಲ ಕೆಳಗಿರುವುದು 1880ರ ದಶಕದಲ್ಲಿ ಕಟ್ಟಿದ, ದಕ್ಷಿಣ ಮುಂಬೈಗೆ ನೀರುಣಿಸುವ ದೊಡ್ಡ ಜಲಾಗಾರ ಎಂಬುದು ಗೊತ್ತಿರುವುದಿಲ್ಲ. ಈ ತೋಟ ಆ ಜಲಾಗಾರದ ಚಾವಣಿ. ನಾನು ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಅಲ್ಲಿಂದ ವಾಲ್ಕೇಶ್ವರದ ಕಡೆಗೆ ಇಳಿದು, ಎತ್ತರದ ಅಪಾರ್ಟ್‌ಮೆಂಟುಗಳ ನಡುವಿನ ಕಿರುದಾರಿಯ ಮೆಟ್ಟಿಲುಗಳನ್ನು ಹಿಡಿದಾಗ ಬಾಣಗಂಗಾ ಕಣ್ಣಿಗೆ ಬಿತ್ತು. ಎರಡು ದಿನದ ಓಡಾಟದಲ್ಲಿ ನಾನು ಅತ್ಯಂತ ಹೆಚ್ಚು ಹೊತ್ತು ಕಳೆದ ಜಾಗ ಇದೇ. ನಾಲ್ಕು ದಿಕ್ಕಿಗೂ ಮೆಟ್ಟಿಲುಗಳಿರುವ ಆಯತಾಕಾರದ ಕೊಳ, ದಂಡೆಯಲ್ಲಿ ದೀಪಸ್ತಂಭಗಳು, ಸುತ್ತ ಚಿಕ್ಕ ದೊಡ್ಡ ಗುಡಿಗಳು, ನೀರಿನಲ್ಲಿ ಬಾತುಗಳು. ಸೀತೆಯನ್ನು ಅರಸುತ್ತ ಬಂದ ರಾಮನಿಗೆ ಬಾಯಾರಿಕೆಯಾದಾಗ ಲಕ್ಷ್ಮಣ ಬಾಣ ಹೂಡಿ ನೀರು ತರಿಸಿದನೆಂಬ ಕಥೆಯಿಂದ ಹೆಸರು ಬಂದಿದೆ. ಕೊಳವನ್ನು 1127ರಲ್ಲಿ ಶಿಲಾಹಾರರ ಮಂತ್ರಿ ಲಕ್ಷ್ಮಣ ಪ್ರಭು ಕಟ್ಟಿಸಿದನೆಂದು ಹೇಳುತ್ತಾರೆ. ಹಿಂದಿನ ದಿನ ಕಾನ್ಹೇರಿಯಲ್ಲಿ ಕೇಳಿದ ರಾಜವಂಶ ಇಲ್ಲಿ ಮತ್ತೆ ಎದುರಾಯಿತು. ಪೋರ್ಚುಗೀಸರ ಕಾಲದಲ್ಲಿ ನಾಶವಾದ ವಾಲ್ಕೇಶ್ವರ ದೇವಾಲಯವನ್ನು 1715ರಲ್ಲಿ ಗೌಡ ಸಾರಸ್ವತ ವರ್ತಕ ರಾಮ ಕಾಮತ್ ಮತ್ತೆ ಕಟ್ಟಿಸಿದರು. ಕಾಶೀ ಮಠ, ಕವಳೆ ಮಠಗಳೂ ಈ ಕೊಳದ ಬಳಿಯಲ್ಲೇ ಇರುವುದರಿಂದ ಕರಾವಳಿಯ ಕೊಂಕಣಿಗರಿಗೆ ಇದು ಅಪರಿಚಿತ ಜಾಗವಲ್ಲ.

ಅರಬ್ಬೀ ಸಮುದ್ರದ ಬಂಡೆಗಳು ಇಲ್ಲಿಂದ ಕೆಲವೇ ಹೆಜ್ಜೆ. ಕೊಳಕ್ಕೆ ನೀರು ಬರುವುದು ನೆಲದೊಳಗಿನ ಊಟೆಯಿಂದ. ಮೆಟ್ಟಿಲ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಅಳಿಯ ಮರಾಠಿಯಲ್ಲಿ, “ಕಾಕಾ, ನೀರು ಉಪ್ಪೇ?” ಎಂದು ಕೇಳಿದ. ಅವರು ತಲೆಯಾಡಿಸಿ “ಗೋಡ್,” ಎಂದರು, ಸಿಹಿ. ಆ ಒಂದು ಮಾತಿನಲ್ಲಿದ್ದ ಹೆಮ್ಮೆ ನನಗೆ ಕೇಳಿಸಿತು. ಕೆಳಗಿನ ಮೆಟ್ಟಿಲಲ್ಲಿ ಪುರೋಹಿತರೊಬ್ಬರು ಯಾರದೋ ಮನೆಯ ಶ್ರಾದ್ಧಕರ್ಮ ಮಾಡಿಸುತ್ತಿದ್ದರು. ಅವರ ಕೈಯಿಂದ ಬಿದ್ದ ಎಳ್ಳು ನೀರಿನ ಮೇಲೆ ಹರಡಿ, ಎದುರಿನ ಬಹುಮಹಡಿ ಕಟ್ಟಡದ ಪ್ರತಿಬಿಂಬವನ್ನು ಚುಕ್ಕೆಚುಕ್ಕೆಯಾಗಿ ಒಡೆಯಿತು.

ಮಧ್ಯಾಹ್ನದ ಮೇಲೆ ಹಿಂದಿರುಗುವ ರೈಲು ತಡವಾಗಿ ಬಂತು, ನಿಧಾನವಾಗಿ ಸಾಗಿತು. ಮಾಹಿಮ್ ಬಿಟ್ಟು ಬಾಂದ್ರಾ ಸೇರುವ ಮೊದಲು ಒಂದು ಸೇತುವೆ ಸಿಗುತ್ತದೆ, ಕೆಳಗೆ ಮೀಠಿ ನದಿ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯ ನೀರು ಹದಿನೇಳು ಹದಿನೆಂಟು ಕಿಲೋಮೀಟರ್ ಹರಿದು ಇಲ್ಲಿ ಸಮುದ್ರ ಸೇರುತ್ತದೆ. ಹೆಸರಿನ ಅರ್ಥ ಸಿಹಿ, ಈಗ ಹರಿಯುತ್ತಿರುವುದು ಕಪ್ಪು ಕೊಳಚೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಇದೇ ನದಿ ಉಕ್ಕಿ ಊರೊಳಗೆ ನುಗ್ಗಿತ್ತು. ಗುಡ್ಡದ ಮೇಲೆ ಪ್ರತಿ ಹನಿಗೂ ದಾರಿ ಕೊರೆದಿಟ್ಟ ಊರಿನಲ್ಲೇ ನದಿಯ ದಂಡೆಯನ್ನು ಹೀಗೆ ಒತ್ತಿ ಹಿಂಡಿದ್ದಾರಲ್ಲ ಎಂದು ನನಗೆ ಸಂಕಟವಾಯಿತು.

“ಮಾವ, ಮುಂದಿನ ಸಲ ಮಳೆಗಾಲದಲ್ಲೇ ಬನ್ನಿ,” ಎಂದ ಅಳಿಯ, ಬಾಗಿಲ ಕಂಬಿ ಹಿಡಿದು ಹೊರಗೆ ನೋಡುತ್ತ. “ಆ ಕಾಲುವೆಗಳಲ್ಲಿ ನೀರು ಹರಿಯುವುದನ್ನು ನೋಡಬೇಕು.”

ಜುಲೈನಲ್ಲಿ ಬರುತ್ತೇನೆಂದೆ. ಅಷ್ಟರಲ್ಲಿ ಬಾಂದ್ರಾ ನಿಲ್ದಾಣ ಬಂದು, ಹತ್ತುವವರ ನೂಕಿನಲ್ಲಿ ನಾವಿಬ್ಬರೂ ಒಳಕ್ಕೆ ಸರಿದೆವು.