ಸಾನ್ ಲೂಯಿಸ್ ಕಣಿವೆಯ ಮರಳು ದಿಣ್ಣೆಗಳು

ಅಮೆರಿಕದ ಕೊಲರಾಡೊ ರಾಜ್ಯದ ದಕ್ಷಿಣದಲ್ಲಿರುವ ಅಲಾಮೋಸಾ ಪಟ್ಟಣವನ್ನು ದಾಟಿ ಈಶಾನ್ಯಕ್ಕೆ ಹೊರಟರೆ, ಹಿಮ ಹೊದ್ದ ಸಾಂಗ್ರೆ ದೆ ಕ್ರಿಸ್ಟೊ ಪರ್ವತಗಳ ಬುಡದಲ್ಲಿ ನಸುಗಂದು ಬಣ್ಣದ ಸಣ್ಣ ಗುಡ್ಡಗಳ ಸಾಲೊಂದು ಕಾಣಿಸುತ್ತದೆ. ಹತ್ತಿರ ಹೋದಂತೆ ಅವು ಗುಡ್ಡಗಳಲ್ಲ, ಬರಿಯ ಮರಳು ಎಂಬುದು ತಿಳಿಯುತ್ತದೆ. ಇವುಗಳಲ್ಲಿ ಅತಿ ಎತ್ತರದವು ಸುಮಾರು 225 ಮೀಟರ್ ಇದ್ದು, ಉತ್ತರ ಅಮೆರಿಕದಲ್ಲಿ ಇವಕ್ಕಿಂತ ಎತ್ತರದ ಮರಳು ದಿಣ್ಣೆಗಳಿಲ್ಲ.

ಇಷ್ಟೊಂದು ಮರಳು ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದ ಈ ಮೂಲೆಗೆ ಬಂದದ್ದು ಹೇಗೆ ಎಂಬುದಕ್ಕೆ ಉತ್ತರ ಕಣಿವೆಯ ರಚನೆಯಲ್ಲಿಯೇ ಇದೆ. ಪಶ್ಚಿಮಕ್ಕೆ ಜ್ವಾಲಾಮುಖಿ ಶಿಲೆಗಳ ಸಾನ್ ಹ್ವಾನ್ ಪರ್ವತಗಳು, ಪೂರ್ವಕ್ಕೆ ಸಾಂಗ್ರೆ ದೆ ಕ್ರಿಸ್ಟೊ, ನಡುವೆ ವಿಶಾಲವಾದ ಸಾನ್ ಲೂಯಿಸ್ ಕಣಿವೆ. ಎರಡೂ ಕಡೆಯ ತೊರೆಗಳು ಕಲ್ಲನ್ನು ಸವೆಸಿ ತಂದ ಮರಳು, ಹಿಂದೆ ಇಲ್ಲಿದ್ದ ಸರೋವರಗಳ ತಳದಲ್ಲಿ ಶೇಖರವಾಯಿತು. ಆ ಸರೋವರಗಳು ಬರಿದಾದ ಮೇಲೆ ನೈಋತ್ಯದ ಗಾಳಿ ಒಣ ಮರಳನ್ನು ಎಬ್ಬಿಸಿ ಪರ್ವತಶ್ರೇಣಿ ಒಳಬಾಗಿರುವ ಈ ಮೂಲೆಗೆ ತಳ್ಳಿತು. ಮರಳಿನ ಕಣ ಗಾಳಿಯಲ್ಲಿ ಬಹುದೂರ ತೇಲುವುದಿಲ್ಲ. ನೆಲದಿಂದ ಪುಟಿದು, ಬಿದ್ದು, ಬಿದ್ದಲ್ಲಿರುವ ಕಣಗಳನ್ನೂ ಎಬ್ಬಿಸುತ್ತ ಮುಂದೆ ಸಾಗುತ್ತದೆ. ಏರಿನ ಮೇಲೆ ನಿಂತಾಗ ಪಾದದ ಗಂಟಿನವರೆಗೆ ಚುಚ್ಚುತ್ತಿದ್ದ ಮರಳು ಮುಖದವರೆಗೆ ಏರದಿದ್ದುದಕ್ಕೆ ಇದೇ ಕಾರಣ.

ದಿಣ್ಣೆಗಳ ವರ್ಗೀಕರಣ ಇಲ್ಲಿ ಕಣ್ಣೆದುರಿಗೇ ತೆರೆದುಕೊಳ್ಳುತ್ತದೆ. ಗಾಳಿ ಒಂದೇ ದಿಕ್ಕಿನಿಂದ ಬೀಸಿ ಮರಳು ಕಡಿಮೆಯಿದ್ದರೆ, ಕೊಂಬುಗಳು ಗಾಳಿ ಹೋಗುವ ಕಡೆಗೆ ಚಾಚಿದ ಅರ್ಧಚಂದ್ರಾಕಾರದ ಬಾರ್ಖಾನ್ ಉಂಟಾಗುತ್ತದೆ. ಮರಳು ಹೇರಳವಾಗಿದ್ದರೆ ಗಾಳಿಗೆ ಅಡ್ಡಲಾಗಿ ಉದ್ದನೆಯ ಏರುಗಳು ಏಳುತ್ತವೆ. ಹುಲ್ಲು, ಪೊದೆಗಳು ಅಂಚುಗಳನ್ನು ಹಿಡಿದು ನಿಲ್ಲಿಸಿದಲ್ಲಿ ನಡುಭಾಗ ಮಾತ್ರ ಮುಂದೆ ಸರಿದು, ತೋಳುಗಳು ಗಾಳಿ ಬರುವ ಕಡೆಗೇ ಉಳಿದ ಪರವಲಯ ದಿಣ್ಣೆಯಾಗುತ್ತದೆ. ಬಾರ್ಖಾನಿಗೂ ಇದಕ್ಕೂ ಇರುವ ಈ ವ್ಯತ್ಯಾಸವನ್ನು ನೋಡಿಯೇ ಗಾಳಿಯ ದಿಕ್ಕನ್ನು ಊಹಿಸಬಹುದೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಹಲವು ದಿಕ್ಕುಗಳ ಗಾಳಿ ಸೇರಿದಲ್ಲಿ ಮೂರು ಅಥವಾ ಹೆಚ್ಚು ತೋಳುಗಳ ನಕ್ಷತ್ರ ದಿಣ್ಣೆ ಬೆಳೆಯುತ್ತದೆ.

ಆದರೆ ಈ ಸ್ಥಳದ ನಿಜವಾದ ವೈಶಿಷ್ಟ್ಯ ಹಿಮ್ಮೊಗ ದಿಣ್ಣೆಗಳು. ನೈಋತ್ಯದ ಗಾಳಿ ಮರಳನ್ನು ಪರ್ವತದತ್ತ ಒಯ್ಯುತ್ತದೆ; ಬಿರುಗಾಳಿಯ ಕಾಲದಲ್ಲಿ ಮೆಡನೊ ಮತ್ತು ಮೋಸ್ಕಾ ಕಣಿವೆದಾರಿಗಳ ಮೂಲಕ ನುಗ್ಗುವ ಈಶಾನ್ಯದ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎದುರುಬದುರಾದ ಈ ಎರಡು ಗಾಳಿಗಳ ನಡುವೆ ಮರಳು ಹೆಚ್ಚು ದೂರ ಸರಿಯಲಾರದೆ ಮೇಲಕ್ಕೆ ಬೆಳೆಯುತ್ತದೆ. ಗಾಳಿಮರೆಯ ಇಳಿಜಾರು ಸುಮಾರು 34 ಡಿಗ್ರಿಯನ್ನು ಮೀರಿದೊಡನೆ ಮರಳು ತಾನಾಗಿ ಜಾರುತ್ತದೆ. ಏರಿನ ನೆತ್ತಿಯಲ್ಲಿ ಈಶಾನ್ಯದ ಗಾಳಿ ಹಿಂದಕ್ಕೆ ಮಡಿಚಿದ ಚೂಪಾದ ಅಂಚನ್ನು ಕೈಯಿಂದ ಮುಟ್ಟಿ ನೋಡಿದೆ. ಅಲ್ಲಲ್ಲಿ ಮ್ಯಾಗ್ನೆಟೈಟ್ ಖನಿಜದ ಕಪ್ಪು ಗೆರೆಗಳು ಎದ್ದು ಕಾಣುತ್ತಿದ್ದವು.

ಗಾಳಿಯ ಜೊತೆಗೆ ನೀರೂ ಇಲ್ಲಿ ದುಡಿಯುತ್ತದೆ. ದಿಣ್ಣೆಗಳ ಅಂಚನ್ನು ಸುತ್ತುವ ಮೆಡನೊ ಮತ್ತು ಸ್ಯಾಂಡ್ ತೊರೆಗಳು ಪರ್ವತದ ಕಡೆಗೆ ಸರಿದ ಮರಳನ್ನು ಕೊಚ್ಚಿ ಕಣಿವೆಯ ಬಯಲಿಗೆ ಒಯ್ಯುತ್ತವೆ. ಅಲ್ಲಿ ನೀರು ಇಂಗಿದ ಮೇಲೆ ಗಾಳಿ ಅದೇ ಮರಳನ್ನು ಮತ್ತೆ ದಿಣ್ಣೆಗಳಿಗೆ ತರುತ್ತದೆ. ಹಿಮ ಕರಗುವ ದಿನಗಳಲ್ಲಿ ಮೆಡನೊ ತೊರೆಯ ತಳದಲ್ಲಿ ಮರಳಿನ ಪುಟ್ಟ ಒಡ್ಡುಗಳು ಏಳುತ್ತವೆ. ಅವು ಒಡೆದಾಗಲೆಲ್ಲ ನೀರು ಅಲೆಯಾಗಿ ಹರಿದುಬರುತ್ತದೆ. ತಲಕಾಡಿನಲ್ಲಿಯೂ ಕಾವೇರಿಯ ಮರಳನ್ನು ಗಾಳಿ ದಡಕ್ಕೇರಿಸಿ ದೇವಾಲಯಗಳನ್ನು ಮುಚ್ಚಿತು. ನದಿ ತಂದು ಗಾಳಿ ಹೊತ್ತ ಮರಳಿನ ಈ ಸಂಬಂಧ ನಮಗೆ ಹೊಸದಲ್ಲ.

1932ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಈ ಪ್ರದೇಶ 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಣಿವೆಯ ಅಂತರ್ಜಲವನ್ನು ಹೊರಗಿನ ನಗರಗಳಿಗೆ ಸಾಗಿಸುವ ಯೋಜನೆಗಳು ಹುಟ್ಟಿಸಿದ ಆತಂಕವೂ ಅದಕ್ಕೆ ಒಂದು ಕಾರಣ. ಅಂತರ್ಜಲ ಕುಸಿದರೆ ತೊರೆಗಳು ಬೇಗನೆ ಇಂಗಿ, ಮರಳನ್ನು ಹಿಂದಿರುಗಿಸುವ ಕೆಲಸ ಕುಂಠಿತವಾಗುತ್ತದೆ. ಹೀಗಾಗಿ ಮರಳನ್ನು ಉಳಿಸಲು ಮೊದಲು ನೀರನ್ನು ಕಾಯಬೇಕೆಂಬ ನಿಲುವು ನನಗೆ ಸಂಪೂರ್ಣ ಸರಿಯೆನಿಸಿತು.